ಆರಿದ ಭಟ್ಟಿಗೆ ಅನುದಾನವಿಲ್ಲ

೪ ಆಗಸ್ಟ್ ೨೦೨೫, ಸೋಮವಾರ

ನಗರಸಭೆಯ ನೋಟಿಸು ಬಂತು. ಬರುತ್ತದೆಂದು ಗೊತ್ತಿತ್ತು. ಆದರೂ ಲಕೋಟೆಯನ್ನು ಬಾಗಿಲಲ್ಲೇ ನಿಂತು ಹರಿದೆ. ನಿಮ್ಮ ಚುರಮುರಿ ಭಟ್ಟಿಯ ಹೊಗೆ ವಸತಿ ಓಣಿಯಲ್ಲಿ ಮಿತಿ ಮೀರಿದೆ, ಅಕ್ಟೋಬರ್ ಮುಗಿಯುವುದರೊಳಗೆ ಹೊಗೆಯಿಲ್ಲದ ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲವಾದರೆ ಮುಚ್ಚಿಸಲಾಗುವುದು, ಅಂತ ಬರೆದಿದ್ದಾರೆ. ಕೆಳಗೆ ಯಾರದೋ ಸೊಟ್ಟ ಸಹಿ. ಇಷ್ಟು ಸೊಟ್ಟ ಸಹಿಯಿಂದ ನಮ್ಮ ಅಜ್ಜ ಕಟ್ಟಿಸಿದ ಭಟ್ಟಿ ಮುಚ್ಚಬಹುದು ಎಂಬುದೇ ನನಗೆ ತಿಳಿಯದ ಸಂಗತಿ.

ದೂರು ಕೊಟ್ಟವಳು ಎದುರುಮನೆಯವಳು. ಬೀಡಿ ಕಟ್ಟುವವಳು! ನಿಪ್ಪಾಣಿಯಲ್ಲಿ ಕೂತು ದೇಶಕ್ಕೆಲ್ಲ ಹೊಗೆ ಕಟ್ಟಿಕೊಡುವವಳಿಗೆ ನನ್ನ ಹೊಗೆ ಸೇರುವುದಿಲ್ಲವಂತೆ. ಇದನ್ನು ರೂಪಾಲಿಗೆ ಬೆಳಿಗ್ಗೆ ಹೇಳಿದೆ, ಮಧ್ಯಾಹ್ನ ಹೇಳಿದೆ, ಸಂಜೆ ಊಟಕ್ಕೆ ಕೂತಾಗ ಮತ್ತೆ ಹೇಳಿದೆ. ಅವಳು ತಾಟು ಸರಿಸಿ, "ನನ್ನ ಕಿವಿ ಸವದಾವ್ರಿ. ಸೊಸೈಟಿಯವರು ಕೊಟ್ಟ ಡೈರಿ ಜನವರಿಯಿಂದ ಖಾಲಿ ಬಿದ್ದೈತಿ. ಅದಕ್ಕ ಹೇಳ್ರಿ" ಅಂದಳು.

ಅದಕ್ಕೇ ಹೇಳುತ್ತಿದ್ದೇನೆ. ನನಗೆ ಅಕ್ಕಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ಕಾದ ಮರಳಿನಲ್ಲಿ ಅರಳಿಸುವುದು ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಒಮ್ಮೆ ಬಟ್ಟೆ ಅಂಗಡಿ ಹಾಕಿ ನೋಡಿದೆ, ಮುಳುಗಿತು. ಈ ವಯಸ್ಸಿನಲ್ಲಿ ಭಟ್ಟಿ ಹೋದರೆ ನಾನು ಯಾರು ಎಂದು ಕೇಳಿದರೆ ಹೇಳಲು ಉತ್ತರವಿಲ್ಲ. ಭಟ್ಟಿಯ ಮುಂದೆ ನಿಂತು ಹುರಿಯುವ ಭೀಮಸಿಗೂ ಇಲ್ಲ. ಅವನು ನಮ್ಮಲ್ಲಿಗೆ ಬಂದಾಗ ಅವನ ಮೀಸೆ ಇನ್ನೂ ಮೂಡಿರಲಿಲ್ಲ.

೭ ಆಗಸ್ಟ್, ಗುರುವಾರ

ಸ್ವಲ್ಪ ಉಸಿರು ಬಂತು. ಕೊಲ್ಹಾಪುರದ ಯಂತ್ರದ ಅಂಗಡಿಯವ ಫೋನಿನಲ್ಲಿ ಹೇಳಿದ: ಗ್ಯಾಸಿನ ಮೇಲೆ ತಿರುಗುವ ಡ್ರಮ್ ಬಂದಿದೆ, ಹೊಗೆ ಇಲ್ಲ, ಉರುವಲೂ ಉಳಿಯುತ್ತದೆ, ನನ್ನಂಥ ಸಣ್ಣ ಉದ್ದಿಮೆಯವರಿಗೆ ಸರ್ಕಾರ ಅರ್ಧ ಕೊಡುತ್ತದೆ. ಅರ್ಧ! ಉಳಿದರ್ಧ ಹೇಗಾದರೂ ಆದೀತು. ಪೂರ್ತಿ ಮಾತ್ರ ನನ್ನಿಂದ ಯಾವ ಜನ್ಮಕ್ಕೂ ಆಗದು.

ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಅರ್ಜಿ ಹಾಕಿಸಿದೆ. ಅಂಗಡಿಯವ ಓದುತ್ತ ಓದುತ್ತ ಒಂದು ಕಡೆ ನಿಂತ. "ಅಣ್ಣಾರ, ಇಲ್ಲಿ ಕೇಳ್ರಿ. ಘಟಕ ಚಾಲ್ತಿಯೊಳಗ ಇರಬೇಕಂತ. ಸಾಹೇಬರು ಹೇಳದ ಬರತಾರಂತ, ಬಂದಾಗ ನಡದಿರಬೇಕಂತ. ಬಂದ್ ಬಿದ್ದ ಘಟಕಕ್ಕ ಅನುದಾನ ಇಲ್ಲ."

ನಗು ಬಂತು. ನಮ್ಮ ಭಟ್ಟಿ ಎಂದಾದರೂ ನಿಂತದ್ದುಂಟೇ? ಅದೇ ಅಲ್ಲವೇ ಎದುರುಮನೆಯವಳ ತಕರಾರು?

೧೩ ಆಗಸ್ಟ್, ಬುಧವಾರ

ಮಳೆ. ಸಾಹೇಬರು ಬಂದು ಕರೆದಾರೆಂದು ಫೋನು ಕೈಯಲ್ಲಿ ಹಿಡಿದುಕೊಂಡೇ ತಿರುಗುತ್ತಿದ್ದೇನೆ. ಸ್ನಾನಕ್ಕೆ ಹೋದಾಗ ರೂಪಾಲಿಯ ಕೈಯಲ್ಲಿ ಕೊಟ್ಟು ಹೋಗುತ್ತೇನೆ. "ಇಟ್ಟ ಹೋಗ್ರಿ, ಸಾಹೇಬರು ನಿಮ್ಮ ಜಳಕಾ ನೋಡಾಕ ಬರಂಗಿಲ್ಲ" ಅನ್ನುತ್ತಾಳೆ.

ಮಳೆಗಾಲದ ದೊಡ್ಡ ತಲೆನೋವು ಕಟ್ಟಿಗೆ. ಹಸಿ ಕಟ್ಟಿಗೆ ಹೊತ್ತುವುದಿಲ್ಲ, ಮೇಲಾಗಿ ಅದರ ತುಂಬ ಇರುವೆ, ಗೆದ್ದಲು. ಅಪ್ಪನ ಅಕ್ಕ ಗಂಗೂಬಾಯಿ, ನಮಗೆಲ್ಲ ಆತ್ಯಾ, ಚಾತುರ್ಮಾಸದಲ್ಲಿ ಒಂದೊಂದು ಕಟ್ಟಿಗೆಯನ್ನೂ ನೆಲಕ್ಕೆ ಬಡಿದು ನೋಡುತ್ತಾಳೆ. ಒಂದು ಹುಳ ಕಂಡರೆ ಆ ಕಟ್ಟಿಗೆ ಭಟ್ಟಿಗಿಲ್ಲ, ಹಿತ್ತಲಿಗೆ. ಹೀಗೆ ನೋಡುತ್ತ ಹೋದರೆ ಮಧ್ಯಾಹ್ನವಾದರೂ ಮರಳು ಕಾಯುವುದಿಲ್ಲ.

ಅದಕ್ಕೆ ನಾನು ಎರಡು ವರ್ಷದ ಹಿಂದೆಯೇ ಉಪಾಯ ಹುಡುಕಿದ್ದೇನೆ. ಹೈವೇ ಮೇಲಿನ ಪಂಕ್ಚರ್ ಅಂಗಡಿಯಿಂದ ಹಳೆ ಟೈರಿನ ತುಂಡು. ಒಂದು ಹಾಕಿದರೆ ಹಸಿ ಕಟ್ಟಿಗೆಯೂ ಭಗ್ಗೆನ್ನುತ್ತದೆ. ಟೈರಿನಲ್ಲಿ ಹುಳ ಇರುವುದಿಲ್ಲ, ಒಂದು ಜೀವವೂ ಹೋಗುವುದಿಲ್ಲ. ಆತ್ಯಾಗೆ "ಕಂಪನಿಯ ಉರುವಲು" ಎಂದು ಹೇಳಿದ್ದೇನೆ. ಅವಳು ಭಟ್ಟಿಯ ಒಳಗೆ ಕಾಲಿಡುವುದಿಲ್ಲ, ಕಾವು ತಡೆಯುವುದಿಲ್ಲ. ಬಸದಿಯಲ್ಲಿ ಎಲ್ಲರ ಮುಂದೆ ಹೇಳುತ್ತಾಳಂತೆ, ನಮ್ಮ ಅಭಿನಂದನ ಮಳೆಗಾಲದಲ್ಲಿ ಒಂದು ಇರುವೆಯನ್ನೂ ಸುಡುವುದಿಲ್ಲ ಎಂದು. ಕೇಳಿ ನನಗೂ ಹೆಮ್ಮೆಯೇ ಆಯಿತು.

ಫೋನು ಬರಲಿಲ್ಲ.

೨೨ ಆಗಸ್ಟ್, ಶುಕ್ರವಾರ

ಗಣಪತಿಯ ಹಂಗಾಮು. ಮಂಡಳದ ಹುಡುಗರು ಚುರಮುರಿಗೆ ಸಾಲು ಹಚ್ಚಿದ್ದಾರೆ. ನಮ್ಮ ಭಡಂಗಕ್ಕೂ. ಖಾರ, ಶೇಂಗಾ ಹಾಕಿ ಕಲಸಿದ ನಮ್ಮ ಚುರಮುರಿಯಲ್ಲಿ ಬೆಳ್ಳುಳ್ಳಿ ಇರುವುದಿಲ್ಲ, ಆದರೂ ತಿಂದವರು ಮತ್ತೆ ಬರುತ್ತಾರೆ. ನಸುಕಿನಿಂದ ಭಟ್ಟಿ ಉರಿಯುತ್ತಿದೆ.

ಎದುರುಮನೆಯವಳು ಓಣಿಯಲ್ಲಿ ಸಿಕ್ಕಳು. ನಾನು ಮುಖ ತಿರುಗಿಸಿದೆ. ಅವಳು ತಿರುಗಿಸಲಿಲ್ಲ. "ಅಣ್ಣಾರ, ಇವತ್ತಿನ ಹೊಗಿ ಕರ್ರಗ ಐತಿ" ಅಂದಳು. "ಹಬ್ಬ ಐತಿ, ಹೊಗಿ ಬರೂದ" ಅಂದೆ. ಅವಳ ಕಿಟಕಿ ಸದಾ ಮುಚ್ಚಿರುತ್ತದೆ, ಗೋಣಿಚೀಲ ಬೇರೆ ಹೊಡೆದಿದ್ದಾಳೆ. ಒಳಗೆ ಒಂದು ಮುದುಕಿ ಕೆಮ್ಮುತ್ತಿರುತ್ತದೆ, ಅವಳ ಅತ್ತೆಯಂತೆ. ಬೀಡಿ ಎಲೆಯ ಧೂಳಿಗೆ ಕೆಮ್ಮದೆ ಇನ್ನೇನು ಮಾಡೀತು?

೨೭ ಆಗಸ್ಟ್, ಬುಧವಾರ, ಗಣೇಶ ಚೌತಿ

ಊರಿಗೆಲ್ಲ ಹಬ್ಬ ಇವತ್ತು ಶುರುವಾದರೆ ನಮ್ಮದು ನಾಳೆ. ನಾವು ಜೈನರ ಹತ್ತು ದಿನದ ದಶಲಕ್ಷಣ ಪರ್ವ. ಆ ದಿನಗಳಲ್ಲಿ ನಮ್ಮ ಭಟ್ಟಿ ಉರಿಯುವುದಿಲ್ಲ. ಅಜ್ಜ ಹಾಕಿದ ಕಟ್ಟಳೆ, ಅಪ್ಪ ಮುರಿಯಲಿಲ್ಲ, ನಾನೂ ಮುರಿಯುವುದಿಲ್ಲ. ಗಣಪತಿ ಕೂತಿರುವಾಗಲೇ ಚುರಮುರಿ ಅಂಗಡಿ ಮುಚ್ಚುವ ಮನುಷ್ಯ ನಿಪ್ಪಾಣಿಯಲ್ಲಿ ನಾನೊಬ್ಬನೇ ಇರಬೇಕು. ಮಂಡಳದ ಹುಡುಗರು ಬೈದುಕೊಂಡೇ ಸಂಕೇಶ್ವರಕ್ಕೆ ಹೋಗುತ್ತಾರೆ, ಮುಂದಿನ ವರ್ಷ ಮತ್ತೆ ಬರುತ್ತಾರೆ.

ಸಂಜೆ ಮರಳು ಆರಿದ ಮೇಲೆ ಕಬ್ಬಿಣದ ಬಾಗಿಲು ಎಳೆದು ಬೀಗ ಹಾಕಿದೆವು. ಆ ಬಾಗಿಲಿನ ಕಿರ್ರೆಂಬ ಸಪ್ಪಳ ಓಣಿಯ ಕೊನೆಯವರೆಗೂ ಕೇಳುತ್ತದೆ. ರೂಪಾಲಿ, "ಪರ್ವದ ಸಲುವಾಗಿ ರಜಾ ಅಂತ ಒಂದ ಬೋರ್ಡ್ ಹಾಕ್ರಿ" ಅಂದಳು. ಯಾರಿಗೆ ಗೊತ್ತಿಲ್ಲ, ಎಷ್ಟು ವರ್ಷದಿಂದ ಹೀಗೇ ಇದೆ, ಅಂದೆ.

೩೦ ಆಗಸ್ಟ್, ಶನಿವಾರ

ದಿನಕ್ಕೆ ಒಂದೇ ಊಟ. ಹಸಿವೆ ಆಗುತ್ತಿದೆ, ಬರೆಯಬಾರದು. ಪ್ರವಚನದಲ್ಲಿ ಇವತ್ತು ಆರ್ಜವ, ಒಳಗೊಂದು ಹೊರಗೊಂದು ಇಲ್ಲದಿರುವುದು. ನಾನು ಕೂತಲ್ಲೇ ಫೋನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಆತ್ಯಾ ನೋಡಿದಳು.

೨ ಸೆಪ್ಟೆಂಬರ್, ಮಂಗಳವಾರ

ಬಂದರಂತೆ! ನಾವೆಲ್ಲ ಬಸದಿಯಲ್ಲಿದ್ದಾಗ ಬಂದು ಹೋದರಂತೆ!

ತಪಾಸಣೆಯ ಮೇಡಂ ಬೆಳಗಾವಿಯಿಂದ ಬಂದು, ಬೀಗ ಹಾಕಿದ ಬಾಗಿಲು ನೋಡಿ, ಮುಟ್ಟಿ, ತಣ್ಣಗಿರುವುದನ್ನು ಕಂಡು, ಫೋಟೋ ತೆಗೆದುಕೊಂಡು ಹೋದರು. ನನಗೆ ಫೋನು ಮಾಡಿದ್ದರು. ಪೂಜೆಯ ಹೊತ್ತು, ಆತ್ಯಾಗೆ ಹೆದರಿ ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಇಷ್ಟು ದಿನ ಜಳಕಕ್ಕೂ ಬಿಡದವನು ಇವತ್ತೇ ಬಿಟ್ಟೆ.

ಮೇಡಂ ಎದುರುಮನೆಗೆ ಹೋಗಿ ಕೇಳಿದ್ದಾರೆ. ಅವಳು ಹೇಳಿದ್ದಾಳೆ, "ಬಂದ್ ಐತ್ರಿ." ಅಷ್ಟೇ. ಬಂದ್ ಐತ್ರಿ! ಪರ್ವ ಎಂದು ಒಂದು ಮಾತು ಸೇರಿಸಲು ಅವಳ ಗಂಟೇನು ಹೋಗುತ್ತಿತ್ತು? ಬೇಕೆಂದೇ ಹೇಳಿದ್ದಾಳೆ. ನಾನು ಓಣಿಯಲ್ಲಿ ನಿಂತು ಅವಳ ಮುಚ್ಚಿದ ಕಿಟಕಿಗೆ ಕೇಳುವಂತೆ ಬೈದೆ. ಇವತ್ತಿನ ಪ್ರವಚನ ಸಂಯಮದ ಮೇಲೆ ಇತ್ತು. ಆತ್ಯಾ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

೪ ಸೆಪ್ಟೆಂಬರ್, ಗುರುವಾರ

ಸಂದೇಶ ಬಂತು. "ಘಟಕ ಸ್ಥಗಿತಗೊಂಡಿರುವುದರಿಂದ ಅರ್ಜಿ ತಿರಸ್ಕೃತ." ಹಲವು ಸಲ ಓದಿದೆ, ಬೇರೆ ಅರ್ಥ ಹೊರಡಲಿಲ್ಲ.

ಮೇಡಂಗೆ ಫೋನು ಹಚ್ಚಿದೆ. ಪರ್ವ, ಹಿಂಸೆ, ಅಗ್ನಿ, ಅಜ್ಜ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಒಳ್ಳೆಯವರೇ. ಬೆಂಗಳೂರು ಕಡೆಯ ಮಾತು. "ನೀವು ಹೇಳೋದು ಸರಿ ಇರಬಹುದು, ಆದ್ರೆ ನಾನು ಕಂಡಿದ್ದು ಬೀಗ. ಅಕ್ಕಪಕ್ಕದವರು ಯಾರಾದ್ರೂ ದಿನಾ ನಡೆಯುತ್ತೆ ಅಂತ ಹೇಳ್ಬೇಕು. ಹೇಳಿದ್ರೆ ಇನ್ನೊಂದು ಸಲ ಬಂದು ನೋಡ್ತೀನಿ" ಅಂದರು.

ಅಕ್ಕಪಕ್ಕ ಎಲ್ಲಿದೆ? ಎಡಕ್ಕೆ ನನ್ನದೇ ಗೋದಾಮು. ಬಲಕ್ಕೆ ಪುಣೆಗೆ ಹೋದವರ ಬೀಗ ಹಾಕಿದ ಮನೆ. ಎದುರಿಗೆ ದೂರು ಕೊಟ್ಟವಳು. ಇದನ್ನು ಹೇಳಿದಾಗ ಮೇಡಂ ನಕ್ಕರು. "ಎದುರುಗಡೆಯವರೇ ಕಂಪ್ಲೇಂಟ್ ಕೊಟ್ಟಿದ್ದಾರಲ್ಲ, ಅವರೇ ಹೇಳಿದ್ರೆ ಎಲ್ಲಕ್ಕಿಂತ ಒಳ್ಳೇದು."

೫ ಸೆಪ್ಟೆಂಬರ್, ಶುಕ್ರವಾರ

ಹೋಗುವುದಿಲ್ಲ. ಭಟ್ಟಿ ಹೋದರೂ ಚಿಂತೆಯಿಲ್ಲ, ಅವಳ ಬಾಗಿಲಿಗೆ ಹೋಗುವುದಿಲ್ಲ.

ಅದೇ ದಿನ, ಸಂಜೆ

ಚಿಂತೆ ಇದೆ.

೮ ಸೆಪ್ಟೆಂಬರ್, ಸೋಮವಾರ, ಕ್ಷಮಾವಣಿ

ಪರ್ವ ಮುಗಿದ ಮೇಲಿನ ಈ ದಿನ ನಾವು ಬಂಧುಬಳಗದವರ ಮನೆಗೆ ಹೋಗಿ ಕೈಮುಗಿದು "ಉತ್ತಮ ಕ್ಷಮಾ" ಅನ್ನುತ್ತೇವೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು. ಅವರೂ ಹಾಗೇ ಅನ್ನುತ್ತಾರೆ, ಆಮೇಲೆ ಚಹಾ. ನಿಜ ಹೇಳಬೇಕೆಂದರೆ ಯಾರನ್ನು ನೋಯಿಸಿಲ್ಲವೋ ಅವರ ಮನೆಗೇ ಮೊದಲು ಹೋಗುತ್ತೇವೆ.

ಇವತ್ತು ಆತ್ಯಾ ಬಿಳಿ ಸೀರೆ ಉಟ್ಟು ಹೊರಬಿದ್ದವಳು ನೆಂಟರ ಮನೆಗಳಿರುವ ಎಡಕ್ಕೆ ತಿರುಗಲಿಲ್ಲ, ನೇರ ಎದುರುಮನೆಗೆ ನಡೆದಳು. ನಾನು ಓಣಿಯ ನಡುವೆ ನಿಂತೆ. "ಬಾರೋ" ಅಂದಳು. ನಲವತ್ತು ದಾಟಿದವನಿಗೆ ಹೀಗೆ ಬಾರೋ ಅನ್ನಲು ಈಗ ಅವಳೊಬ್ಬಳೇ ಉಳಿದಿದ್ದಾಳೆ. ಹೋದೆ.

ಅನುಸೂಯಾ, ಅದು ಅವಳ ಹೆಸರು, ಬೀಡಿ ಎಲೆಯ ಮೊರ ಬದಿಗಿಟ್ಟು ಎದ್ದು ನಿಂತಳು. ಆತ್ಯಾ ಕೈಮುಗಿದಳು. ನಾನೂ ಮುಗಿದೆ. ನಮ್ಮವರಲ್ಲಿ ಇಷ್ಟಕ್ಕೇ ಮುಗಿಯುತ್ತದೆ. ಅವಳಿಗೆ ಪದ್ಧತಿ ಗೊತ್ತಿಲ್ಲ.

"ಯಾತರ ಸಲುವಾಗಿ ಕ್ಷಮಾ ಕೇಳಾಕತ್ತೀರಿ ಆಯಿ?" ಅಂದಳು.

ನಮ್ಮ ಜನ್ಮದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆತ್ಯಾ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಕೊನೆಗೆ ಆತ್ಯಾಳೇ, "ಹೊಗಿ ಸಲುವಾಗಿ, ತಂಗಿ" ಅಂದಳು.

"ಕಟ್ಟಿಗಿ ಹೊಗಿಗೆ ನಾ ಏನೂ ಅನ್ನಂಗಿಲ್ರಿ. ನಮ್ಮ ಒಲಿನೂ ಕಟ್ಟಿಗಿದ. ಮಳಿಗಾಲ ಬಂತಂದ್ರ ಟೈರ್ ಸುಡತೀರಲ್ರಿ, ಅದಕ್ಕ ಏನ ಅಂತೀರಿ?"

"ಯಾವ ಟೈರ್?" ಅಂದಳು ಆತ್ಯಾ.

"ಅದರಾಗ ಹುಳ ಇರಂಗಿಲ್ಲ, ಆತ್ಯಾ" ಅಂದೆ. ಬಸದಿಯಲ್ಲಿ ಹೆಮ್ಮೆಯಿಂದ ಹೇಳಬಹುದಾಗಿದ್ದ ಮಾತು. ಅಲ್ಲಿ, ಆ ಪಡಸಾಲೆಯಲ್ಲಿ, ಒಳಗಿನಿಂದ ಮುದುಕಿಯ ಕೆಮ್ಮು ಕೇಳುತ್ತಿರುವಾಗ, ನನ್ನ ಕಿವಿಗೇ ಸರಿ ಕೇಳಲಿಲ್ಲ.

ಆತ್ಯಾ ಕೆಮ್ಮು ಬರುತ್ತಿದ್ದ ಬಾಗಿಲ ಕಡೆ ನೋಡಿದಳು. ಆಮೇಲೆ, "ಹುಳ ಇರಂಗಿಲ್ಲ, ಖರೇ. ಎದುರಿಗೆ ಮಂದಿ ಇದ್ದಾರಲ್ಲೋ" ಅಂದಳು. ಮತ್ತೆ ಅನುಸೂಯಾಳ ಕಡೆ ತಿರುಗಿ ಕೈಮುಗಿದಳು. ಈ ಸಲ ಆತ್ಯಾ ತಲೆಯನ್ನೂ ಬಾಗಿಸಿದಳು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಅನುದಾನದ ವಿಷಯ ನಾನು ಎತ್ತಲಿಲ್ಲ, ಆತ್ಯಾಳೇ ಎತ್ತಿದಳು. ಅನುಸೂಯಾ ಎಲ್ಲ ಕೇಳಿ, "ಮೇಡಂ ಕೇಳಿದ್ರು, ಬಾಗಲಾ ಮುಚ್ಚಿತ್ತು, ಬಂದ್ ಐತಿ ಅಂದೆ. ಸುಳ್ಳ ಹೇಳಲೇನ್ರಿ? ನನಗ ನಿಮ್ಮ ಭಟ್ಟಿ ಮುಚ್ಚೂದ ಬೇಕಾಗಿಲ್ಲ, ಹೊಗಿ ನಿಂತರ ಸಾಕು. ಹೇಳತೇನಿ. ಆದ್ರ ಅಣ್ಣಾರ ಒಂದಿನ ಮುಂಜಾನಿ ನಮ್ಮ ಮನ್ಯಾಗ ಬಂದ ಕುಂಡ್ರಬೇಕು. ಭಟ್ಟಿ ಹಚ್ಚಿದಾಗ" ಅಂದಳು.

ಇದೇನು ದೊಡ್ಡ ಮಾತು? ಕೂತರಾಯಿತು.

೯ ಸೆಪ್ಟೆಂಬರ್, ಮಂಗಳವಾರ

ಕೂತು ಬಂದೆ.

ಭೀಮಸಿಗೆ ಟೈರ್ ಬೇಡವೆಂದು ಹೇಳಿದ್ದೆ. ಬರೀ ಕಟ್ಟಿಗೆ, ಆತ್ಯಾ ಬಡಿದು ಕೊಟ್ಟದ್ದು. ಅನುಸೂಯಾ ನನ್ನನ್ನು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂರಿಸಿ, ಗೋಣಿಚೀಲ ಸರಿಸಿ ಕಿಟಕಿ ತೆರೆದಳು. ನೇರ ನನ್ನ ಭಟ್ಟಿ ಕಾಣುತ್ತದೆ. ಈ ಕಡೆಯಿಂದ ನೋಡಿದಾಗ ಅದು ಅಷ್ಟು ದೊಡ್ಡದು ಅನ್ನಿಸಲಿಲ್ಲ.

ಅವಳ ಅತ್ತೆ ಭೀಮಾಬಾಯಿ ಕಿಟಕಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಸಣ್ಣ ದೇಹ, ಕೆನ್ನೆ ಒಳಗೆ ಹೋಗಿವೆ. ನನ್ನನ್ನು ನೋಡಿ ನಕ್ಕು, "ಚುರಮರಿ ಮಾಡವರ ಹುಡುಗ ಏನ? ನಿಮ್ಮಜ್ಜ ಹಬ್ಬಕ್ಕ ಉಡಿ ತುಂಬ ಹಾಕತಿದ್ರು" ಅಂದಳು. ಅವಳ ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ, ಇದಕ್ಕೆ ಸಿದ್ಧನಾಗಿರಲಿಲ್ಲ.

ಆಗ ಎದುರಿಗೆ ಭೀಮಸಿ ಕಬ್ಬಿಣದ ಬಾಗಿಲು ಎಳೆದ. ಕಿರ್ರೆಂಬ ಸಪ್ಪಳ. ಮಾತಿನ ನಡುವೆಯೇ ಮುದುಕಿ ಎದ್ದಳು. ಗೋಡೆ ಹಿಡಿದಳು. ಕಂಕುಳಲ್ಲಿ ಹೊದೆಯುವ ಕೌದಿ, ಕೈಯಲ್ಲಿ ನೀರಿನ ತಂಬಿಗೆ. ಒಂದೊಂದೇ ಹೆಜ್ಜೆ ಇಟ್ಟು ಹಿಂದಿನ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊಗೆ ಇನ್ನೂ ಬಂದೇ ಇರಲಿಲ್ಲ. ಹೋಗು ಎಂದು ಯಾರೂ ಹೇಳಿರಲಿಲ್ಲ. ಅನುಸೂಯಾ ತಲೆ ಎತ್ತಿ ನೋಡಲೂ ಇಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಗಳ ಮೇಲೆ ಇನ್ನೊಂದು ಬಟ್ಟೆ ಹೊದಿಸಿದಳು, ರೊಟ್ಟಿಯ ಬುಟ್ಟಿಯ ಮೇಲೆ ತಾಟು ಮುಚ್ಚಿದಳು. ದಿನಾ ಮಾಡುವ ಕೆಲಸದಂತೆ.

ಆಮೇಲೆ ಹೊಗೆ ಬಂತು. ಹೊಗೆಯ ವಿಷಯ ಬರೆಯುವುದಿಲ್ಲ. ಹೊಗೆ ನನಗೆ ಗೊತ್ತಿದ್ದದ್ದೇ. ಆ ತಂಬಿಗೆ ಗೊತ್ತಿರಲಿಲ್ಲ.

೧೦ ಸೆಪ್ಟೆಂಬರ್, ಬುಧವಾರ

ಅನುಸೂಯಾ ನನ್ನ ಫೋನಿನಲ್ಲೇ ಮೇಡಂ ಜೊತೆ ಮಾತಾಡಿದಳು. "ಹೌದ್ರಿ ಮೇಡಂ, ನಾನ ತಕರಾರ ಕೊಟ್ಟಾಕಿ. ಭಟ್ಟಿ ನಡದೈತ್ರಿ. ಅವರ ಹಬ್ಬ ಇತ್ತು, ಅದಕ್ಕ ನಿಂತಿತ್ತು. ಆ ದಿನಾ ಬಿಟ್ರ ಹೊಗಿ ನಿಂತಿದ್ದ ನಾ ಕಂಡಿಲ್ಲ." ಇಷ್ಟು ಒಳ್ಳೆಯ ಸಾಕ್ಷಿ ಒಡಹುಟ್ಟಿದವನೂ ಹೇಳುತ್ತಿರಲಿಲ್ಲ.

ಮೇಡಂ ಅರ್ಜಿ ಮತ್ತೆ ತೆರೆಯುತ್ತಾರಂತೆ. ಯಾವ ದಿನ ಬರುತ್ತಾರೋ ಹೇಳುವುದಿಲ್ಲವಂತೆ. ಬಂದಾಗ ಭಟ್ಟಿ ಉರಿಯುತ್ತಿರಬೇಕು, ಈ ಸಲ ಆರಿದ್ದರೆ ಮುಗಿಯಿತು. ಅಂದರೆ ಹೊಗೆ ನಿಲ್ಲಿಸುವ ಹಣ ಬೇಕಿದ್ದರೆ ಅಲ್ಲಿಯವರೆಗೆ ದಿನಾ ಹೊಗೆ ಎಬ್ಬಿಸುತ್ತಿರಬೇಕು. ರೂಪಾಲಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

೧೨ ಸೆಪ್ಟೆಂಬರ್, ಶುಕ್ರವಾರ

ಭಟ್ಟಿಯ ಬಾಗಿಲಿನ ಕೀಲುಗಳಿಗೆ ಎಣ್ಣೆ ಹಾಕಿಸಿದೆ. ಎಷ್ಟು ವರ್ಷದಿಂದ ಕಿರ್ರೆನ್ನುತ್ತಿತ್ತು, ಕಿರಿಕಿರಿ. ಈಗ ಬೆಣ್ಣೆಯಂತೆ ಸರಿಯುತ್ತದೆ. ಇನ್ನು ಯಾರೂ ಬೆಚ್ಚಿ ಏಳಬೇಕಾಗಿಲ್ಲ.

೧೩ ಸೆಪ್ಟೆಂಬರ್, ಶನಿವಾರ

ಅನುಸೂಯಾ ಬೆಳಿಗ್ಗೆ ಬಾಗಿಲಿಗೆ ಬಂದು ಕೂಗಾಡಿದಳು. "ಎಣ್ಣಿ ಯಾಕ ಹಾಕಿಸಿದ್ರಿ? ಸಪ್ಪಳ ಕೇಳಿದ್ರ ನಮ್ಮ ಆಯಿ ಒಳಗ ಹೋಗತಿದ್ಲು. ಇವತ್ತ ಗೊತ್ತ ಆಗಲಿಲ್ಲ, ಖಿಡಕಿ ಬಾಜೂಕ ಕುಂತಬಿಟ್ಲು. ದಮ್ಮ ಹತ್ತಿ ಜೀವ ಹೋಗೂದಾಗಿತ್ತು!"

ನಾನು ಒಳ್ಳೆಯದಕ್ಕೆಂದೇ ಮಾಡಿದ್ದೆ. ಟೈರನ್ನೂ ಒಳ್ಳೆಯದಕ್ಕೆಂದೇ ತಂದಿದ್ದೆನಲ್ಲ. ಭೀಮಸಿಗೆ ಹೇಳಿದ್ದೇನೆ, ಇನ್ನು ಹಚ್ಚುವ ಮೊದಲು ಚುರಮುರಿ ತೆಗೆಯುವ ತೂತಿನ ಸೌಟಿನಿಂದ, ಆ ಜಾರಿಯಿಂದ, ಬಾಣಲೆಗೆ ಜೋರಾಗಿ ಬಡಿಯಬೇಕು, ಎದುರಿಗೆ ಕೇಳುವ ಹಾಗೆ, ಬಡಿದು ಸ್ವಲ್ಪ ಹೊತ್ತು ಬಿಟ್ಟು ಹಚ್ಚಬೇಕು. ಅವಳಿಗೆ ಒಳಗೆ ಹೋಗಲು ಹೊತ್ತು ಬೇಕು.

೧೫ ಸೆಪ್ಟೆಂಬರ್, ಸೋಮವಾರ

ಅರ್ಧ ದಿನ ಮಾತ್ರ ಹಚ್ಚಿದೆ. ಭೀಮಸಿಗೆ ಮೈ ಬಿಸಿ ಇತ್ತು. (ಭೀಮಸಿ, "ನನಗೇನೂ ಆಗಿಲ್ರಿ ಅಣ್ಣಾರ" ಅಂದ. ಇರಬಹುದು, ಆದರೂ ಮುಂಜಾಗ್ರತೆ.) ಮೇಡಂ ಬರಲಿಲ್ಲ. ಮಧ್ಯಾಹ್ನದ ನಂತರ ಬಂದರೆ ಏನು ಗತಿ ಎಂದು ಸಂಜೆಯವರೆಗೂ ಓಣಿಯ ತುದಿ ನೋಡುತ್ತ ನಿಂತೆ.

೧೭ ಸೆಪ್ಟೆಂಬರ್, ಬುಧವಾರ

ಹಚ್ಚಿದ್ದೇ ತಡವಾಗಿ. ಕಟ್ಟಿಗೆ ಹಸಿ. ಜಾರಿ ಬಡಿದ ಮೇಲೆ ಎದುರಿನ ಹಿಂದಿನ ಕೋಣೆಯ ಬಾಗಿಲು ಮುಚ್ಚಿದ ಸಪ್ಪಳ ಕೇಳುವವರೆಗೆ ಕಾದೆ. ಅದೂ ತಡ.

ರೂಪಾಲಿ ಒಂದು ಮಾತು ಹೇಳಿದಳು: ಯಂತ್ರ ಬರುವವರೆಗೆ ದಾವಣಗೆರೆಯಿಂದ ಚುರಮುರಿ ತರಿಸಿ, ನಾವು ಗ್ಯಾಸಿನ ಒಲೆಯ ಮೇಲೆ ಭಡಂಗ ಮಾಡಿ ಮಾರೋಣ, ಭೀಮಸಿಗೂ ಕೆಲಸ ಇರುತ್ತದೆ ಎಂದು. ಮತ್ತೊಬ್ಬರ ಚುರಮುರಿಯನ್ನು ನಮ್ಮ ಹೆಸರಿನಲ್ಲಿ ಮಾರಲೇ? ಅಜ್ಜ ಏನು ಅಂದಾನು? ಬೈದೆ. ಆಮೇಲೆ ದಾವಣಗೆರೆಯ ದರ ಕೇಳಿದೆ, ಸುಮ್ಮನೆ.

೧೯ ಸೆಪ್ಟೆಂಬರ್, ಶುಕ್ರವಾರ

ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಎದುರುಮನೆಯ ಭೀಮಾಬಾಯಿ ಆಯಿಗೆ ದಮ್ಮು ಜಾಸ್ತಿಯಾಗಿ ದವಾಖಾನೆಗೆ ಕರೆದುಕೊಂಡು ಹೋಗಿ ಬಂದರು. ಇವತ್ತು ಬೆಳಿಗ್ಗೆ ನಾನು ಭಟ್ಟಿ ಹಚ್ಚಬೇಡವೆಂದೆ. ಮರಳು ಸೋಸಬೇಕಿತ್ತು, ಅದಕ್ಕೆ. ಭೀಮಸಿ, ಆಗಲೇ ಸೋಸಿಟ್ಟಿದ್ದ ಮರಳಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಆದರೂ ಮತ್ತೆ ಸೋಸಿದ.

ಹತ್ತು ಗಂಟೆಯ ಸುಮಾರಿಗೆ ರೂಪಾಲಿ ಓಡಿ ಬಂದಳು. ಓಣಿಯ ತುದಿಯಲ್ಲಿ ಸರ್ಕಾರಿ ಜೀಪು! ಒಳಗೆ ಬರಲು ಜಾಗವಿಲ್ಲದೆ ಡ್ರೈವರ್ ಹಿಂದೆ ಮುಂದೆ ಮಾಡುತ್ತಿದ್ದಾನೆ. ತಣ್ಣನೆಯ ಭಟ್ಟಿ, ತಣ್ಣನೆಯ ಮರಳು, ಮೊದಲ ಸಲದ ಹಾಗೆಯೇ. ಭೀಮಸಿ ಕಡ್ಡಿ ಗೀರಿದ, ಕಟ್ಟಿಗೆ ಹತ್ತಲಿಲ್ಲ. ಮತ್ತೆ ಗೀರಿದ. ಮೂಲೆಯಲ್ಲಿ ಇನ್ನೂ ಒಂದು ಟೈರಿನ ತುಂಡು ಬಿದ್ದಿತ್ತು. ಅವನೂ ನೋಡಿದ, ನಾನೂ ನೋಡಿದೆ. "ಬ್ಯಾಡ" ಅಂದೆ. ಯಾಕೆ ಅಂದೆನೋ, ಆ ಗಳಿಗೆಯಲ್ಲಿ ಅನುದಾನವೆಲ್ಲ ಆ ತುಂಡಿನಲ್ಲೇ ಇತ್ತು.

ಎದುರಿನ ಬಾಗಿಲು ತೆರೆಯಿತು. ಅನುಸೂಯಾ ಅಕ್ಕ ಬುಟ್ಟಿ ಹೊತ್ತು ಓಣಿ ದಾಟಿ ಬಂದಳು. ಬೀಡಿಗೆಂದು ಕತ್ತರಿಸಿದ ಮೇಲೆ ಉಳಿಯುವ ಎಲೆಯ ಅಂಚುಗಳು, ಗರಿಗರಿ ಒಣಗಿದವು. "ಇದನ್ನ ಹಾಕ್ರಿ, ಲಗೂನ ಹತ್ತತೈತಿ."

"ಆಯಿ ಒಳಗ ಅದಾಳ. ಬ್ಯಾಡ ಅಕ್ಕಾ" ಅಂದೆ.

"ಆಯಿನ ಹಿಂದಿನ ಕ್ವಾಣ್ಯಾಗ ಕುಂಡ್ರಿಸಿ, ಬಾಗಲ ಸಂದಿಗೆ ಹಸಿ ಸೀರಿ ಅರಬಿ ತುರುಕಿ ಬಂದೇನಿ. ಆಕಿನ ಕಳಸ್ಯಾಳ. ಇದೊಂದಿನ ತಡಕೋತೇನಿ ಅಂದಾಳ. ಸರೀರಿ ನೀವು."

ಆತ್ಯಾ ಬಂದಳು. ಇಂಥ ಹೊತ್ತಿನಲ್ಲೂ ಬುಟ್ಟಿಯಲ್ಲಿ ಕೈಯಾಡಿಸಿ ನೋಡಿ, "ಹುಳ ಇಲ್ಲ" ಅಂದಳು. ಅನುಸೂಯಾ ಅಕ್ಕ ಬುಟ್ಟಿ ಸುರಿದಳು, ಭೀಮಸಿಯ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದು ತಾನೇ ಕಡ್ಡಿ ಗೀರಿದಳು. ಎಲೆ ಭಗ್ಗೆಂದಿತು, ಕಟ್ಟಿಗೆಗೆ ಹತ್ತಿತು. ನನ್ನ ಭಟ್ಟಿಯ ಮೇಲೆ ದೂರು ಕೊಟ್ಟವಳು ನನ್ನ ಭಟ್ಟಿ ಹಚ್ಚಿದಳು.

ಮೇಡಂ ಬಾಗಿಲಿಗೆ ಬರುವ ಹೊತ್ತಿಗೆ ಹೊಗೆ ಓಣಿ ತುಂಬಿತ್ತು. ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಒಳಗೆ ಬಂದು ಉರಿ ನೋಡಿದರು, ಫೋ‌ಟೋ ತೆಗೆದರು, ನಾಲ್ಕು ಹೆಜ್ಜೆ ಹಿಂದೆ ಸರಿದು ಕೆಮ್ಮಿದರು. "ಕಂಪ್ಲೇಂಟ್ ಕೊಟ್ಟವರು?"

"ನಾನ ರಿ" ಅಂದಳು ಅನುಸೂಯಾ ಅಕ್ಕ. ಕಣ್ಣಲ್ಲಿ ನೀರು, ಮೂಗಿನ ಮೇಲೆ ಮಸಿ. "ನೋಡ್ರಿ, ಇದ ಹೊಗಿ. ಚಂದಂಗ ಬರ್ಕೋರಿ. ಯಂತ್ರಾ ಲಗೂನ ಕಳಸ್ರಿ."

ಮೇಡಂ ಬರೆದುಕೊಂಡರು. ಶಿಫಾರಸು ಮಾಡುತ್ತೇನೆ, ಮಂಜೂರಿಗೆ ಎರಡು ಮೂರು ತಿಂಗಳು ಹಿಡಿಯಬಹುದು, ಅಂದರು. ಅಲ್ಲಿಯವರೆಗೂ ಉರಿಯುತ್ತಲೇ ಇರಬೇಕೇ ಎಂದು ಕೇಳಿದೆ. "ಇಲ್ಲ, ತಪಾಸಣೆ ಆಯ್ತಲ್ಲ. ಇನ್ನು ನಿಮ್ಮಿಷ್ಟ" ಅಂದರು.

ಜೀಪು ಮರೆಯಾದ ಕೂಡಲೇ ಉರಿಯ ಮೇಲೆ ಕೊಡದ ನೀರು ಸುರಿದೆ. ಭಟ್ಟಿ ಬಿರಿಯುತ್ತದೆ ಎಂದು ಭೀಮಸಿ ಕೂಗಿದ. ಬಿರಿಯಲಿ.

೨೦ ಸೆಪ್ಟೆಂಬರ್, ಶನಿವಾರ

ಇವತ್ತು ಭಟ್ಟಿ ಹಚ್ಚಲಿಲ್ಲ. ಭೀಮಸಿ ಆರಾಮವಾಗಿದ್ದಾನೆ. ಕಟ್ಟಿಗೆ ಒಣಗಿದೆ. ಮರಳು ಸೋಸಿಯಾಗಿದೆ.

ದಾವಣಗೆರೆಗೆ ಫೋನು ಮಾಡಿ ಚುರಮುರಿ ಹೇಳಿದ್ದೇನೆ. ಚೀಲದ ಮೇಲೆ ಅವರ ಹೆಸರೇ ಇರಲಿ, ಭಡಂಗದ ಖಾರ ಮಾತ್ರ ನಮ್ಮದು ಎಂದು ರೂಪಾಲಿಗೆ ಹೇಳಿದೆ. ಅವಳು ನಗಲಿಲ್ಲ, ಅದೇ ಆಶ್ಚರ್ಯ. ಮಂಜೂರಿ ಬರುತ್ತದೋ ಇಲ್ಲವೋ, ಗೊತ್ತಿಲ್ಲ.

ಮಧ್ಯಾಹ್ನ ಓಣಿಗೆ ಬಂದಾಗ ಎದುರಿನ ಕಿಟಕಿ ಅರ್ಧ ತೆರೆದಿತ್ತು. ಭೀಮಾಬಾಯಿ ಆಯಿ ಕಿಟಕಿಯ ಪಕ್ಕ ಕೂತಿದ್ದಳು, ಕಂಕುಳಲ್ಲಿ ಕೌದಿ, ಕೈಯಲ್ಲಿ ತಂಬಿಗೆ. ಬೆಳಗಿನಿಂದ ಹೀಗೇ ಕೂತಿದ್ದಾಳೆ, ಊಟಕ್ಕೂ ಕೆಳಗಿಟ್ಟಿಲ್ಲ, ಸಪ್ಪಳ ಕಾಯುತ್ತಿದ್ದಾಳೆ ಎಂದು ಅನುಸೂಯಾ ಅಕ್ಕ ಹೇಳಿದಳು. ನಾನು ಕಿಟಕಿಯ ಹತ್ತಿರ ಹೋದೆ.

"ಇವತ್ತ ಇಲ್ಲ, ಆಯಿ."

"ಹಬ್ಬ ಏನೋ?"

"ಹಬ್ಬ ಇಲ್ಲ."

"ನಾಳಿ ಹಚ್ಚತಿ?"

"ನಾಳಿನೂ ಇಲ್ಲ."

ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು, ನಂಬಬೇಕೋ ಬೇಡವೋ ಎಂಬಂತೆ. ಆಮೇಲೆ ತಂಬಿಗೆಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.